ಖಾಲಿ ಲಕೋಟೆ

ಪ್ರಖ್ಯಾತ್ ಆ ವಿಡಿಯೊವನ್ನು ಎರಡನೆಯ ಸಲವೂ ಶಬ್ದ ಮುಚ್ಚಿಯೇ ನೋಡಿದ.

ಒಂದು ನಿಮಿಷದ ವಿಡಿಯೊ. ಎದುರಿಗೆ ತಗಡಿನ ಮಾಡು, ಅದರಾಚೆ ಕರಿಕಲ್ಲಿನ ಕೋರೆ. ಕೋರೆಯ ಬಾಯಿಯಿಂದ ಬಿಳಿ ಧೂಳು ಏಳುತ್ತದೆ, ಚಿತ್ರ ಒಮ್ಮೆ ಅದುರುತ್ತದೆ, ಮಾಡಿನ ಮೇಲೆ ಸಣ್ಣ ಕಲ್ಲುಗಳು ಬಿದ್ದು ಉರುಳುತ್ತವೆ. ಅಷ್ಟೇ. ಅವನು ಫೋನನ್ನು ಮೇಜಿನ ಮೇಲೆ ಗುಣವತಿಯವರ ಕಡೆಗೆ ತಳ್ಳಿ, ಇದರಲ್ಲಿ ತಾನು ನೋಡಬೇಕಾದದ್ದು ಎಂತ ಎಂದು ಕೇಳಿದ.

“ನೋಡಲಿಕ್ಕೆ ಏನಿಲ್ಲ. ಕೇಳಲಿಕ್ಕೆ ಉಂಟು,” ಎಂದರು ಗುಣವತಿ.

ಮಣಿಪಾಲದ ಆ ಕಟ್ಟಡದ ಮೂರನೆಯ ಮಹಡಿಯ ಅವನ ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು, ಅವುಗಳ ಮುಂದೆ ಕಿವಿಗೆ ಹಾಡು ಸಿಕ್ಕಿಸಿಕೊಂಡ ನಾಲ್ಕು ಹುಡುಗಿಯರು. ವೆಬ್‌ಸೈಟು ಮಾಡಿಕೊಡಲಾಗುವುದು ಎಂದು ಹೊರಗೆ ಬೋರ್ಡಿತ್ತು. ಬೋರ್ಡಿನಲ್ಲಿ ಬರೆಯದ ಕೆಲಸವೂ ಇಲ್ಲಿ ನಡೆಯುತ್ತದೆ ಎಂಬ ಗುಮಾನಿ ಗುಣವತಿಯವರಿಗೆ ಹುಟ್ಟಿದ್ದು ಕಳೆದ ವಾರ, ಶಿರ್ವದಲ್ಲಿ. ಕೋರೆಯ ವಿಡಿಯೊಗಳ ಮೇಲೆ ಬಂದ ದೂರಿನಲ್ಲಿ ದೂರುದಾರನೆಂದು ಹೆಸರಿದ್ದ ಸ್ಟ್ಯಾನಿಸ್ಲಾಸ್‌ನ ಮನೆಗೆ ಬೀಗ ಬಿದ್ದಿತ್ತು. ಅವನು ಕುವೈತಿನಲ್ಲಿ, ಇಂಥದ್ದೊಂದು ದೂರು ಕೊಟ್ಟದ್ದೇ ಅವನಿಗೆ ಗೊತ್ತಿಲ್ಲ. ಬೀಗದ ಕೈ ಇಟ್ಟುಕೊಂಡಿದ್ದ ಅವನ ತಂಗಿ ಲೀನಾ ತಲೆ ಕೆರೆದು ಕೆರೆದು ನೆನಪು ಮಾಡಿಕೊಂಡದ್ದು ಇಷ್ಟು: ಅಣ್ಣ ತನ್ನ ಗುರುತಿನ ಚೀಟಿಯ ಪ್ರತಿಯನ್ನು ಹೊರಗಿನವರಿಗೆ ಕೊಟ್ಟಿದ್ದರೆ ಅದು ಈ ಕಚೇರಿಗೆ ಮಾತ್ರ, ಊರಿನಲ್ಲಿ ಬೇಕರಿ ಇಡುವ ಯೋಚನೆಯಲ್ಲಿ ಒಂದು ವೆಬ್‌ಸೈಟು ಮಾಡಿಸಲು ಬಂದಾಗ.

ಅರುವತ್ತೇಳು ವರ್ಷದ ಗುಣವತಿ ಪೊಲೀಸೂ ಅಲ್ಲ, ವಕೀಲೆಯೂ ಅಲ್ಲ. ಕಾರ್ಕಳದಾಚೆಯ ನೇರಳಪಾದೆಯಲ್ಲಿ ಒಂದು ಕೋಣೆಯ ಅಂಚೆ ಕಚೇರಿಯನ್ನು ಮೂವತ್ತೊಂದು ವರ್ಷ ನಡೆಸಿ, ಎರಡು ವರ್ಷದ ಹಿಂದೆ ನಿವೃತ್ತರಾಗಿ ಕಾಪುವಿನ ಮನೆಗೆ ಬಂದವರು. ಬಂದ ಮೇಲೆ ಜನ ಸುಮ್ಮನೆ ಬಿಡಲಿಲ್ಲ. ಊರು ಬಿಟ್ಟವನ ವಿಳಾಸ, ಮಾತು ಬಿಟ್ಟವನ ವಿಳಾಸ, ಹುಡುಕಿಕೊಡಿ ಎಂದು ಬರುತ್ತಿದ್ದರು. ಅವರು ಹುಡುಕಿಕೊಡುತ್ತಿದ್ದರು. ಆದರೆ ಈ ಸಲ ಹುಡುಕುವುದಕ್ಕಿಂತ ಹೆಚ್ಚಿನ ಕೆಲಸ ಒಂದಿತ್ತು. ಒಂದು ವಿಳಾಸ ಯಾರಿಗೂ ಸಿಗದ ಹಾಗೆ ನೋಡಿಕೊಳ್ಳಬೇಕಿತ್ತು.

ಅದು ಶಿಲ್ಪಾಳ ವಿಳಾಸ.

ಶಿಲ್ಪಾ ಕೊಪ್ಪಳದ ಕಡೆಯಿಂದ ಕಲ್ಲು ಒಡೆಯಲು ಬಂದ ಅಂಬವ್ವನ ಮಗಳು. ಹುಟ್ಟಿದ್ದು ನೇರಳಪಾದೆಯ ಕೋರೆಯ ಕೂಲಿಯವರ ಲೈನ್ ಮನೆಯಲ್ಲಿ, ಅಕ್ಷರ ಕಲಿತದ್ದು ಅಂಚೆ ಕಚೇರಿಯ ಜಗಲಿಯಲ್ಲಿ ಕೂತು ಕಾಗದಗಳ ಮೇಲಿನ ಹೆಸರು ಓದುತ್ತಾ. ಈಗ ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸ, ಭಾನುವಾರ ಮಾತ್ರ ತಾಯಿಯ ಹತ್ತಿರ. ಆ ಕೋರೆಯಲ್ಲಿ ಭಾನುವಾರ ಮದ್ದು ಸಿಡಿಸಬಾರದೆಂದು ಪರವಾನಿಗೆಯಲ್ಲಿಯೇ ಉಂಟು. ಆದರೆ ಅಧಿಕಾರಿಗಳು ಬಾರದ ದಿನವೂ ಭಾನುವಾರವೇ. ಹಾಗಾಗಿ ಶಿಲ್ಪಾ ಭಾನುವಾರಗಳಲ್ಲಿ ಕಿಟಕಿಯಿಂದ ಫೋನು ಹಿಡಿದು ಚಿತ್ರ ತೆಗೆದು, ಅಂದಂದೇ ಒಂದು ಚಾನೆಲ್ಲಿಗೆ ಹಾಕುತ್ತಾ ಬಂದಳು. ಹೆಸರಿಲ್ಲ, ಮುಖವಿಲ್ಲ. ಇಪ್ಪತ್ತಾರು ವಿಡಿಯೊ.

ಗೋಡೆ ಬಿರಿದ ಊರಿನವರ ದೂರಿನ ಮೇಲೆ ಬರುವ ಸೋಮವಾರ ಜಿಲ್ಲಾ ಕಚೇರಿಯಲ್ಲಿ ವಿಚಾರಣೆ. ಅಲ್ಲಿ ತೋರಿಸಲು ಊರಿನವರ ಹತ್ತಿರ ಇದ್ದದ್ದು ಈ ಚಾನೆಲ್ ಒಂದೇ. ವಿಡಿಯೊಗಿಂತಲೂ ಅದರ ಕೆಳಗಿನ ತಾರೀಖು ಮುಖ್ಯ, ಕಾಗದಕ್ಕಿಂತ ಅದರ ಮೇಲಿನ ಅಂಚೆ ಮುದ್ರೆ ಮುಖ್ಯವಾಗುವ ಹಾಗೆ. ಫೋನಿನಲ್ಲಿ ಉಳಿಸಿಕೊಂಡ ಪ್ರತಿಗೆ ಆ ಮುದ್ರೆ ಇರುವುದಿಲ್ಲ.

ಹಾಗಿರುವಾಗ ಒಂದರ ಹಿಂದೆ ಒಂದು ಮೂರು ಕಾಪಿರೈಟ್ ದೂರು. ಈ ವಿಡಿಯೊಗಳು ತನ್ನವು, ತನ್ನ ಸುದ್ದಿ ಪುಟದಲ್ಲಿ ಮೊದಲೇ ಹಾಕಿದ್ದೆ, ಈ ಚಾನೆಲಿನವರು ಕದ್ದಿದ್ದಾರೆ ಎಂದು ಸ್ಟ್ಯಾನಿಸ್ಲಾಸ್ ಹೆಸರಿನವನ ಆಪಾದನೆ. ಮೂರು ದೂರು ಬಿದ್ದರೆ ಏಳು ದಿನದಲ್ಲಿ ಚಾನೆಲ್ ಪೂರ್ತಿ ಅಳಿಸಿಹೋಗುತ್ತದೆ. ಶನಿವಾರಕ್ಕೆ ಏಳು ದಿನ. ಇವತ್ತು ಗುರುವಾರ.

ಗುಣವತಿ ಫೋನಿನ ಶಬ್ದ ಏರಿಸಿ, ವಿಡಿಯೊವನ್ನು ಮತ್ತೆ ಒತ್ತಿ, ಮೇಜಿನ ನಡುವೆ ಇಟ್ಟರು. ಇದು ಶಿಲ್ಪಾಳ ಚಾನೆಲ್ಲಿನದಲ್ಲ, ಆ ಸುದ್ದಿ ಪುಟದ್ದು. ಕೆಳಗೆ ತಾರೀಖು ಹಾಕಿತ್ತು: ಕಳೆದ ವರ್ಷದ ಮೇ ಮೂವತ್ತು, ಶುಕ್ರವಾರ. ಶಿಲ್ಪಾ ತನ್ನದನ್ನು ಹಾಕಿದ್ದು ಈ ಜನವರಿಯ ಎರಡನೆಯ ಭಾನುವಾರ.

ಮದ್ದು ಸಿಡಿಯಿತು. ಕಲ್ಲುಗಳು ತಗಡಿನ ಮೇಲೆ ಉರುಳಿದವು. ಒಂದು ನಾಯಿ ಬೊಗಳಿತು. ಆಮೇಲೆ, ದೂರದ ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದ ಮೈಕಿನಿಂದ, ಗಾಳಿಗೆ ಹರಿದು ಹರಿದು, ತುಳುವಿನಲ್ಲಿ ಒಂದು ಗಂಡು ದನಿ. ಬರುವ ಶನಿವಾರ ರಾತ್ರಿ ಗ್ರಾಮದೈವದ ನೇಮ, ಊರ ಹತ್ತು ಸಮಸ್ತರು ಬಂದು ಗಂಧ ಪ್ರಸಾದ ಸ್ವೀಕರಿಸಬೇಕು ಎಂದು ಅದು ಕೇಳಿಕೊಳ್ಳುತ್ತಿತ್ತು.

“ನಿಮ್ಮ ಊರು ಯಾವುದು?”

“ಉದ್ಯಾವರ,” ಎಂದ ಪ್ರಖ್ಯಾತ್.

“ಹಾಗಾದರೆ ನಿಮಗೆ ನಾನು ಹೇಳಿಕೊಡಬೇಕಾದದ್ದಿಲ್ಲ. ಪತ್ತನಾಜೆ ಯಾವಾಗ?”

ಉತ್ತರ ಅವನಿಗೂ ಗೊತ್ತಿತ್ತು. ಮೇ ಇಪ್ಪತ್ತನಾಲ್ಕರ ಹೊತ್ತಿಗೆ ಬರುವ ಪತ್ತನಾಜೆಯ ದಿನ ತುಳುನಾಡಿನ ದೈವಗಳ ನೇಮೋತ್ಸವ ನಿಲ್ಲುತ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಇಲ್ಲಿನ ಚಿಕ್ಕ ಮಕ್ಕಳಿಗೂ ಅದು ಗೊತ್ತು.

“ಮೇ ಮೂವತ್ತಕ್ಕೆ, ಪತ್ತನಾಜೆ ಕಳೆದು ಆರು ದಿನಕ್ಕೆ, ಯಾವ ದೈವಕ್ಕೆ ನೇಮ ಕೊಟ್ಟರು ಮಾರಾಯರೆ? ಆ ತಾರೀಖು ಹಾಕಿದವರು ಯಾರು?”

“ನಮ್ಮಲ್ಲಿ ಯಾರೂ ಶಬ್ದ ಇಟ್ಟು ನೋಡುವುದಿಲ್ಲ ಅಮ್ಮ,” ಎಂದ ಪ್ರಖ್ಯಾತ್. ಹೇಳಿ ಮುಗಿದ ಮೇಲೆ, ತಾನು ಹೇಳಿದ್ದು ಏನೆಂದು ಅವನಿಗೇ ಕೇಳಿಸಿತು.

ಕಿಟಕಿಯ ಹತ್ತಿರದ ಹುಡುಗಿಯೊಬ್ಬಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. ಹಾಡೇನೂ ಅಷ್ಟು ದೊಡ್ಡದಾಗಿ ಇರಲಿಲ್ಲವೆಂದಾಯಿತು.

ಗುಣವತಿ ಆತುರಪಡಲಿಲ್ಲ. ಇಂಥ ಕಳ್ಳತನ ಅವರಿಗೆ ಹೊಸತಲ್ಲ. ಮುದ್ರೆಯ ತಾರೀಖಿನ ಅಚ್ಚನ್ನು ಹಿಂದಕ್ಕೆ ತಿರುಗಿಸಿ ಒತ್ತಿಕೊಡಿ, ಅರ್ಜಿಯ ಗಡುವು ಮೀರಿದೆ ಎಂದು ಬೇಡಿಕೊಂಡವರನ್ನು ಅವರು ಕೌಂಟರಿನ ಆ ಕಡೆ ಎಷ್ಟೋ ಸಲ ಕಂಡಿದ್ದರು. ಬೇಡುವವರಿಗೆ ಅಂಕಿ ಮಾತ್ರ ನೆನಪಿರುತ್ತಿತ್ತು. ಆ ದಿನ ಊರಿನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ನೆನಪಿರುತ್ತಿರಲಿಲ್ಲ. ಭಾನುವಾರದ ಸಿಡಿತವನ್ನು ಶುಕ್ರವಾರಕ್ಕೆ ಸರಿಸಿದರೆ ಕೋರೆಯ ಧಣಿಗೆ ಎರಡು ಲಾಭ ಎಂದು ಅವರು ಪ್ರಖ್ಯಾತನಿಗೆ ನಿಧಾನವಾಗಿ ವಿವರಿಸಿದರು. ನಿಜವಾದದ್ದು ಅಳಿಯುತ್ತದೆ, ಉಳಿದ ಸುಳ್ಳು ತಾರೀಖಿನ ಪ್ರಕಾರ ಯಾವ ತಪ್ಪೂ ನಡೆದಿರುವುದಿಲ್ಲ. ಸ್ಟ್ಯಾನಿಸ್ಲಾಸ್‌ನ ಗುರುತಿನ ಚೀಟಿ ಈ ಕಚೇರಿಯಲ್ಲಿರುವುದನ್ನೂ ಹೇಳಿದರು. ಲೀನಾ ಅದನ್ನು ಬರೆದುಕೊಟ್ಟಿದ್ದಾಳೆ ಎಂಬುದನ್ನೂ.

ಪ್ರಖ್ಯಾತನ ಹಣೆಯ ಮೇಲೆ ಎ.ಸಿ. ಕೋಣೆಯಲ್ಲಿಯೂ ಬೆವರು ಕಾಣಿಸಿತು. ಅಷ್ಟರಲ್ಲಿ ಅವನ ಫೋನು ಒಂದು ಸಲ ಸದ್ದು ಮಾಡಿತು. ಅವನು ಎತ್ತಿ ನೋಡಿದ. ಓದಿದ. ಫೋನನ್ನು ಮಗುಚಿ ಇಟ್ಟ.

ಗುಣವತಿಯವರ ಕಣ್ಣು ಅಭ್ಯಾಸಬಲದಿಂದ ಗೋಡೆಯ ಗಡಿಯಾರಕ್ಕೆ ಹೋಯಿತು. ಹನ್ನೊಂದೂ ಕಾಲು. ಏನು ಬಂದರೂ ಹೋದರೂ ಹೊತ್ತು ನೋಡುವುದು ಅವರ ಕೆಲಸ ಕಲಿಸಿದ ಚಾಳಿ.

“ಹರ್ಷಿಣಿ, ಎರಡು ಚಾ ಹೇಳು,” ಎಂದ ಪ್ರಖ್ಯಾತ್. ಅಲ್ಲಿಯವರೆಗೆ ಅವನು ನೀರನ್ನೂ ಕೇಳಿರಲಿಲ್ಲ.

ಚಾ ಬಂತು. ಈಗ ಅವನು ಕುರ್ಚಿಗೆ ಒರಗಿ ಕೂತಿದ್ದ. ತಾನು ಸಣ್ಣವನು, ಗಿರಾಕಿ ಕೊಟ್ಟದ್ದನ್ನು ಹಾಕುತ್ತೇನೆ, ಗಿರಾಕಿ ಹೇಳಿದ ಕಡೆಗೆ ದೂರು ಕಳಿಸುತ್ತೇನೆ, ಒಳಗೆ ಸತ್ಯ ಉಂಟಾ ಸುಳ್ಳು ಉಂಟಾ ಎಂದು ನೋಡುವುದು ತನ್ನ ಕೆಲಸವಲ್ಲ ಎಂದ. ಹೀಗೆ ಕೆಲಸ ಮಾಡುವವರು ಇಡೀ ದೇಶದಲ್ಲಿ ಸಾವಿರ ಜನ ಇದ್ದಾರೆ ಎಂದೂ ಹೇಳಿದ.

“ನೀವೂ ಪೋಸ್ಟಿನವರಲ್ವಾ? ಒಳಗೆ ಎಂತ ಉಂಟು ಅಂತ ಲಕೋಟೆ ಒಡೆದು ನೋಡಿ ಹಂಚಿದ್ದೀರಾ?”

ಆ ಮಾತು ತಾಗಬೇಕಾದ ಜಾಗಕ್ಕೇ ತಾಗಿತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಮುಂಬಯಿಯಲ್ಲಿ ಗಂಡನ ಹೊಡೆತ ತಾಳಲಾರದೆ ಒಬ್ಬಳು ನೇರಳಪಾದೆಗೆ ಬಂದು ತಾಯಿಯ ಮನೆಯಲ್ಲಿ ಅಡಗಿಕೊಂಡಿದ್ದಳು. ಒಂದು ದಿನ ಅವಳ ಹೆಸರಿಗೆ ಒಂದು ರಿಜಿಸ್ಟರ್ ಕಾಗದ ಬಂತು. ಲಕೋಟೆ ತೀರ ಹಗುರವಾಗಿತ್ತು. ಗುಣವತಿ ಅದನ್ನು ಕೈಯಲ್ಲಿ ತೂಗಿ ನೋಡಿಯೂ ಕಳಿಸಿದರು. ಆಕೆ ಸಹಿ ಹಾಕಿ ತೆಗೆದುಕೊಂಡಳು. ಒಳಗೆ ಏನೂ ಇರಲಿಲ್ಲ. ಗಂಡನಿಗೆ ಬೇಕಾಗಿದ್ದದ್ದು ಒಳಗಿನ ಕಾಗದವಲ್ಲ, ಅವಳು ಅಲ್ಲಿಯೇ ಇದ್ದಾಳೆಂದು ತಿಳಿಸಲು ಸಹಿ ಹೊತ್ತು ವಾಪಸು ಹೋಗುವ ಚೀಟಿ. ನಾಲ್ಕನೆಯ ದಿನ ಗಂಡ ಬಂದ. ಐದನೆಯ ದಿನ ಆಕೆಯ ತಾಯಿ ಅಂಚೆ ಕಚೇರಿಯ ಎದುರು ಬಂದು ನಿಂತು, ಸ್ವಲ್ಪ ಹೊತ್ತು ನೋಡಿ ಹೋದರು.

“ಇಲ್ಲ. ಒಡೆದು ನೋಡಲಿಲ್ಲ,” ಎಂದರು ಗುಣವತಿ. “ನೋಡಬೇಕಿತ್ತು.”

ಪ್ರಖ್ಯಾತನಿಗೆ ಅರ್ಥವಾಗಲಿಲ್ಲ. ಅವನು ಮೊದಲೇ ಮುದ್ರಿಸಿಟ್ಟಿದ್ದ ಒಂದು ಹಾಳೆಯನ್ನು ಡ್ರಾಯರಿನಿಂದ ತೆಗೆದು ಕೊಟ್ಟ. ದೂರು ಸುಳ್ಳು ಎನ್ನುವವರು ಪ್ರತಿಹೇಳಿಕೆ ಕೊಡಬಹುದು, ಅದಕ್ಕೆ ದಾರಿ ಉಂಟು, ತಾನು ಯಾರನ್ನೂ ತಡೆಯುವುದಿಲ್ಲ. ಪೂರ್ತಿ ಹೆಸರು, ಮನೆ ವಿಳಾಸ, ಫೋನು ನಂಬರು, ಕೆಳಗೆ ಒಂದು ಸಹಿ. ದೂರು ಕೊಟ್ಟವರಿಗೆ ಅದರ ಒಂದು ಪ್ರತಿ ಹೋಗುತ್ತದೆ. ದೂರುದಾರ ಕೋರ್ಟಿಗೆ ಹೋಗದಿದ್ದರೆ ವಿಡಿಯೊ ತಾನಾಗಿಯೇ ವಾಪಸು ಬರುತ್ತದೆ ಎಂದು ಅವನು ಓದಿಹೇಳಿದ.

ಶಿಲ್ಪಾ ಸೋಮವಾರ ಇದೇ ಹಾಳೆಯನ್ನು ಫೋನಿನಲ್ಲಿ ತೋರಿಸಿದ್ದಳು. ನಾನು ಹೋಗಿ ಬರುವ ತನಕ ತುಂಬಬೇಡ ಎಂದಿದ್ದರು ಗುಣವತಿ. ಯಾಕೆ ಬೇಡ ಎಂದು ಅವತ್ತು ಅವರಿಗೂ ಸರಿಯಾಗಿ ಹೇಳಲು ಬಂದಿರಲಿಲ್ಲ. ಈಗ, ಆ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕುವಾಗ, ಅದು ಕೈಗೆ ಬಹಳ ಹಗುರವಾಗಿ ತೋರಿತು.

ಏಳುವಾಗ ಅವರು ಹೇಳಿದ್ದು ಒಂದೇ ಮಾತು. ದೂರು ವಾಪಸು ತೆಗೆಯಲು ನಾಳೆ ಸಂಜೆಯ ತನಕ ಹೊತ್ತುಂಟು. ತೆಗೆಯದಿದ್ದರೆ ಮೇ ಮೂವತ್ತರ ನೇಮದ ಕತೆಯನ್ನು ಸೋಮವಾರ ವಿಚಾರಣೆಯಲ್ಲಿ ಎಲ್ಲರೂ ಕೂತು ಕೇಳುತ್ತಾರೆ. ಪ್ರಖ್ಯಾತ್ ಎದ್ದು ಬಾಗಿಲ ತನಕ ಬಂದ. ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ.

“ಮೆಲ್ಲ ಹೋಗಿ ಅಮ್ಮ. ಕಾರ್ಕಳದ ಬಸ್ಸು ಹನ್ನೆರಡಕ್ಕೆ ಉಂಟು, ಸಿಗುತ್ತದೆ.”

*

ಟೈಗರ್ ಸರ್ಕಲ್‌ಗೆ ಬಂದು, ರಸ್ತೆ ದಾಟಿ, ಉಡುಪಿಗೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಗುಣವತಿ ನಿಂತರು. ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಬಸ್ಸು ಬಂತು. ಕಂಡಕ್ಟರು ಉಡುಪಿ, ಉಡುಪಿ ಎಂದು ಕೂಗಿ, ಹತ್ತುತ್ತೀರಾ ಇಲ್ಲವಾ ಎಂಬಂತೆ ಅವರ ಮುಖ ನೋಡಿದ.

ಅವರು ಹತ್ತಲಿಲ್ಲ. ಎಡಗಾಲನ್ನು ಮೆಟ್ಟಿಲ ಮೇಲೆ ಇಟ್ಟವರು ಕೆಳಗೆ ತೆಗೆದರು.

ಕಚೇರಿಗೆ ಕಾಲಿಟ್ಟಾಗ ತಾನು ಹೇಳಿದ್ದು ಕಾಪು ಎಂದು. ಅಂಚೆಯಲ್ಲಿದ್ದೆ ಎಂದೂ ಹೇಳಿದ್ದುಂಟು, ಯಾವ ಊರಿನ ಅಂಚೆ ಎಂದು ಹೇಳಿರಲಿಲ್ಲ. ಮಾತಾಡಿದ್ದೆಲ್ಲ ಶಿರ್ವದ ಮನೆಯ ಬಗ್ಗೆ. ನೇರಳಪಾದೆಯ ಹೆಸರನ್ನು ಬಾಯಿತಪ್ಪಿಯೂ ಎತ್ತಿರಲಿಲ್ಲ. ಕಾಪುವಿಗೆ ಹೋಗುವವರು ಮಣಿಪಾಲದಿಂದ ಪಡುವಣಕ್ಕೆ ಇಳಿಯುತ್ತಾರೆ. ಕಾರ್ಕಳದ ಬಸ್ಸು ಮೂಡಣಕ್ಕೆ ಹೋಗುತ್ತದೆ.

ಈ ಮುದುಕಿ ಯಾರ ಪರವಾಗಿ ಬಂದಿದ್ದಾಳೆ, ಇಲ್ಲಿಂದ ನೇರ ಯಾರ ಹತ್ತಿರ ಓಡುತ್ತಾಳೆ ಎಂಬುದು ಪ್ರಖ್ಯಾತನಿಗೆ ಗೊತ್ತಿತ್ತು.

ಅವರು ಶಿಲ್ಪಾಗೆ ಫೋನು ಮಾಡಿದರು. ಅಂಗಡಿಯ ಗದ್ದಲದ ನಡುವೆ ಅವಳ ದನಿ ಕೇಳಿಸಿತು. ಕರಾವಳಿಯ ಕನ್ನಡವನ್ನೇ ಆಡುವ ಹುಡುಗಿ ಹೆದರಿದಾಗ ಮಾತ್ರ ಅವ್ವನ ಮಾತಿಗೆ ಮರಳುತ್ತಿದ್ದಳು.

“ಕಳಿಸಿಬಿಟ್ಟೀನ್ರೀ ಪೋಸ್ಟಕ್ಕ. ಮಂಗಳವಾರ ರಾತ್ರಿನೇ. ಶನಿವಾರಕ್ಕ ಎಲ್ಲಾ ಅಳಿಸಿ ಹೋಗ್ತದಲ್ಲ ಅಂತ ನಿದ್ದಿ ಬರಲಿಲ್ಲ.”

“ಯಾವ ವಿಳಾಸ ಕೊಟ್ಟೆ?”

ಸುಳ್ಳು ಬರೆದರೆ ಶಿಕ್ಷೆ ಎಂದು ಹಾಳೆಯ ಕೆಳಗೆ ಬರೆದಿತ್ತು, ಅದಕ್ಕೆ ಆಧಾರಿನಲ್ಲಿ ಇರುವುದನ್ನೇ ಬರೆದೆ ಎಂದಳು. ಲೈನ್ ಮನೆ, ನಂಬರು ಏಳು. ಪ್ರತಿ ದೂರುದಾರನಿಗೆ ಹೋಗಿದೆ ಎಂದು ನಿನ್ನೆ ಬೆಳಿಗ್ಗೆಯೇ ಸಂದೇಶ ಬಂದಿತ್ತಂತೆ. ಬೈಯುತ್ತೀರಿ ಎಂದು ಹೇಳಿರಲಿಲ್ಲ.

ಗುಣವತಿ ಬೈಯಲಿಲ್ಲ. ಅಂಗಡಿಯಿಂದ ಹೊರಗೆ ಹೋಗಬೇಡ, ಊರಿಗಂತೂ ಹೋಗಲೇಬೇಡ ಎಂದಷ್ಟೇ ಹೇಳಿ ಫೋನು ಇಟ್ಟರು. ವಿಚಾರಣೆಯ ತನಕ ಕೋರೆಗೆ ತಡೆ ಇದ್ದುದರಿಂದ ಲೈನ್ ಮನೆಯವರೆಲ್ಲ ಬೇರೆ ಕಡೆ ಕೂಲಿಗೆ ಹೋಗುತ್ತಿದ್ದರು. ಮಂಡಿನೋವಿನ ಅಂಬವ್ವ ಒಬ್ಬಳೇ ಅಲ್ಲಿರುವವಳು. ಅಂಬವ್ವನ ಫೋನಿಗೆ ಎರಡು ಸಲ ಮಾಡಿದರು. ರಿಂಗಾಯಿತು, ಎತ್ತಲಿಲ್ಲ.

ಮೂರನೆಯದಾಗಿ ವಿಠಲನಿಗೆ ಮಾಡಿದರು. ಅವರ ಕೈಕೆಳಗೆ ಹದಿನೆಂಟು ವರ್ಷ ಕಾಗದ ಹಂಚಿದವನು, ಈಗಲೂ ನೇರಳಪಾದೆಯಲ್ಲಿ ಹಂಚುತ್ತಿರುವವನು. ಒಮ್ಮೆ ಏಳನೆಯ ಲೈನ್ ಮನೆಗೆ ಹೋಗಿ ಅಂಬವ್ವನನ್ನು ನೋಡಿ ಬಾ ಎಂದು ತುಳುವಿನಲ್ಲಿ ಕೇಳಿಕೊಂಡರು.

“ಈಗಷ್ಟೇ ಅಲ್ಲಿಂದ ಬಂದೆನಲ್ಲ ಅಕ್ಕ. ಶಿಲ್ಪಾಳ ಹೆಸರಿಗೆ ಒಂದು ಸ್ಪೀಡ್ ಪೋಸ್ಟ್ ಇತ್ತು. ಅಂಬವ್ವನೇ ತೆಗೆದುಕೊಂಡಳು. ಸಹಿಗೆ ಮೊಬೈಲಿನ ಮೇಲೆ ಬೆರಳಿನಿಂದ ಗೀಟು ಎಳೆಸಿಕೊಂಡು ಕೊಟ್ಟೆ.”

“ಯಾರಿಂದ?”

“ಶಿರ್ವದವರು ಯಾರೋ. ಸ್ಟ್ಯಾನಿಸ್ಲಾಸ್ ಅಂತ. ನನ್ನ ಎದುರಿಗೇ ಒಡೆದಳು, ಓದಿಹೇಳು ಅಂತ ಕೊಟ್ಟಳು. ಒಳಗೆ ಎಂತದೂ ಇರಲಿಲ್ಲ ಅಕ್ಕ. ಹಾಕಲಿಕ್ಕೆ ಮರೆತಿರಬೇಕು ಅಂತ ನಗಾಡಿದೆವು.”

“ಎಷ್ಟು ಹೊತ್ತಿಗೆ?”

“ಹನ್ನೊಂದೂ ಕಾಲು.”

ಈಗ ಸಹಿಯ ಚೀಟಿ ಅಂಚೆಯಲ್ಲಿ ನಾಲ್ಕು ದಿನ ತಿರುಗಬೇಕಾಗಿಲ್ಲ. ಲೈನ್ ಮನೆಯಲ್ಲಿ ಗೀಟು ಎಳೆದ ಮರುಗಳಿಗೆಗೆ ಕಳುಹಿಸಿದವನ ಫೋನು ಸದ್ದು ಮಾಡುತ್ತದೆ. ಆ ಸದ್ದನ್ನು ಗುಣವತಿ ತಮ್ಮ ಕಿವಿಯಿಂದಲೇ ಕೇಳಿದ್ದರು. ಅದರ ಮೇಲೆ ಬಂದ ಚಾವನ್ನು ಕುಡಿದೂ ಇದ್ದರು.

ವಿಠಲನಿಗೆ ಸೈಕಲ್ಲು ತಿರುಗಿಸು ಎಂದರು. ಯಾಕೆಂದು ಅವನು ಕೇಳಲಿಲ್ಲ. ಅವರ ದನಿಯಲ್ಲಿಯೇ ಅದು ಗೊತ್ತಾಗಿರಬೇಕು.

ಹನ್ನೆರಡರ ಬಸ್ಸು ಐದು ನಿಮಿಷ ತಡವಾಗಿ ಬಂತು. ಪ್ರಖ್ಯಾತ್ ಹೇಳಿದ ಅದೇ ಬಸ್ಸು. ಗುಣವತಿ ರಸ್ತೆ ದಾ‌ಟಿ ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಕಾರ್ಕಳಕ್ಕೆ ಟಿಕೆಟು ತೆಗೆದರು. ಪರ್ಕಳದ ಇಳಿಜಾರಿನಲ್ಲಿ ಬಸ್ಸು ನಿಂತು ಶಾಲೆಯ ಮಕ್ಕಳನ್ನು ಹತ್ತಿಸಿಕೊಂಡಿತು. ಹಿರಿಯಡ್ಕದಲ್ಲಿ ಯಾರೋ ಕೋಳಿಬುಟ್ಟಿ ಏರಿಸಲು ಹೊರಟರು, ಕಂಡಕ್ಟರು ಜಗಳಕ್ಕೆ ನಿಂತ. ಗುಣವತಿ ಚೀಲದಿಂದ ಆ ಮುದ್ರಿತ ಹಾಳೆಯನ್ನು ತೆಗೆದು, ಮತ್ತೆ ಒಳಗಿಟ್ಟರು. ಇಪ್ಪತ್ತು ವರ್ಷದ ಹಿಂದೆ ಗಂಡನಿಗೆ ನಾಲ್ಕು ದಿನ ಬೇಕಾಗಿತ್ತು. ಈಗ ಒಂದು ಗಂಟೆಯ ಮೇಲೆಯೇ ಕಳೆದು ಹೋಗಿತ್ತು.

ಬಸ್ಸು ಹೊರಡುವಾಗ ಫೋನು ಬಂತು. ವಿಠಲನಿಗೆ ಏದುಸಿರು.

“ಬಾಗಿಲು ತೆರೆದೇ ಉಂಟು ಅಕ್ಕ. ಹಂಚಿನ ಮೇಲೆ ರೊಟ್ಟಿ ಕರಟಿ ಹೋಗಿದೆ, ಒಲೆ ನಾನೇ ಆರಿಸಿದೆ. ಫೋನು ಚಾಪೆಯ ಮೇಲೆ ಉಂಟು. ಚಪ್ಪಲಿ ಹೊರಗೆ ಉಂಟು. ಅಂಬವ್ವ ಇಲ್ಲ.”

“ಅಕ್ಕಪಕ್ಕ ಕೇಳಿದೆಯಾ?”

“ಅಕ್ಕಪಕ್ಕ ಯಾರಿದ್ದಾರೆ, ಎಲ್ಲ ಬೀಗ.”

ಗುಣವತಿ ಆ ಲಕೋಟೆಯನ್ನು ಹುಡುಕಲು ಹೇಳಿದರು. ಸ್ಟ್ಯಾನಿಸ್ಲಾಸ್‌ನ ಹೆಸರಿನಲ್ಲಿ ಪ್ರಖ್ಯಾತನ ಕಚೇರಿಯಿಂದ ಹೊರಟ ಆ ಲಕೋಟೆಯ ಮೇಲೆ ಎಲ್ಲಿ, ಎಷ್ಟು ಹೊತ್ತಿಗೆ ಅಂಚೆಗೆ ಹಾಕಿದರೆಂಬ ಚೀಟಿ ಅಂಟಿಸಿರುತ್ತದೆ. ಸೋಮವಾರ ಮೇಜಿನ ಮೇಲೆ ಇಡಲು ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇರಲಿಲ್ಲ.

ವಿಠಲ ಪಾತ್ರೆ ಸರಿಸುವ ಸದ್ದು, ಚಾಪೆ ಕೊಡವುವ ಸದ್ದು ಕೇಳಿಸಿತು.

“ಹರಿದು ಬಿಸಾಡಿದ ಅಂಚು ಬಾಗಿಲ ಹತ್ತಿರ ಬಿದ್ದಿದೆ,” ಎಂದ ಅವನು. “ಲಕೋಟೆ ಇಲ್ಲ ಅಕ್ಕ.”

ಬಸ್ಸು ಬೈಲೂರಿನ ಏರು ಹತ್ತತೊಡಗಿತು. ಒಳಗೆ ಏನೂ ಇಲ್ಲದ ಲಕೋಟೆಯನ್ನು ಒಯ್ಯಲು ಕಾರಣ ಇರುವುದು ಕಳುಹಿಸಿದವರಿಗೆ ಮಾತ್ರ. ಅಥವಾ ಅಂಬವ್ವನಿಗೆ. ಅವಳಿಗೆ ಓದಲು ಬರುತ್ತಿರಲಿಲ್ಲ, ಮೂವತ್ತು ವರ್ಷವೂ ಬಂದ ಕಾಗದವನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಗುಣವತಿಯವರ ಹತ್ತಿರವೇ ತರುತ್ತಿದ್ದಳು.

ಆದರೆ ಬರಿಗಾಲಿನಲ್ಲಿ, ಒಲೆಯ ಮೇಲೆ ರೊಟ್ಟಿ ಬಿಟ್ಟು, ಅವಳು ಯಾವತ್ತೂ ಬಂದದ್ದಿರಲಿಲ್ಲ.